ಕೆಲಸದ ಸ್ಥಳದಲ್ಲಿ ಪರಸ್ಪರ ಸಂವಹನ: ಚಿಕ್ಕೋಡಿ–ಅಥಣಿ ಸೀಮೆಯ ಇತಿಹಾಸ

ದುಡಿಯುವ ಜಾಗದಲ್ಲಿ ಎದುರಿನವರ ಮಾತನ್ನು ಗಮನವಿಟ್ಟು ಕೇಳುವುದು, ತನ್ನ ಮಾತನ್ನು ಸ್ಪಷ್ಟವಾಗಿ ಹೇಳುವುದು, ತಕರಾರನ್ನು ಮಾತುಕತೆಯಿಂದ ಬಗೆಹರಿಸಿಕೊಳ್ಳುವುದು ಪರಸ್ಪರ ಸಂವಹನದ ಮುಖ್ಯ ಕೌಶಲಗಳು. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಇವು ತಂಬಾಕು, ಚರ್ಮ ಮತ್ತು ಸಕ್ಕರೆ ಉದ್ಯಮಗಳ ಜೊತೆಗೇ ಬೆಳೆದವು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಈ ಗಡಿಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ದುಡಿಮೆಯ ಭಾಷೆಗಳು.

ತಂಬಾಕು ಮತ್ತು ಬೀಡಿ: ನಿಪ್ಪಾಣಿಯ ತಂಬಾಕು ಕಾರ್ಖಾನೆಗಳಲ್ಲಿ ದೂಳಿನ ನಡುವೆ ದುಡಿದವರಲ್ಲಿ ಹೆಂಗಸರೇ ಹೆಚ್ಚು. ಒಬ್ಬೊಬ್ಬರೇ ಕೂಲಿಯ ಮಾತೆತ್ತಿದರೆ ಮರುದಿನದ ಕೆಲಸಕ್ಕೇ ಕುತ್ತು ಬರುವ ಅಂಜಿಕೆಯಿತ್ತು. 1980ರ ಸುಮಾರಿಗೆ ಚಿಕ್ಕೋಡಿ ತಾಲೂಕು ಕಾಮಗಾರ ಮಹಾಸಂಘ ಅವರನ್ನು ಒಗ್ಗೂಡಿಸಿತು. ಒಬ್ಬಳ ಸಂಕಟ ಸಭೆಯಲ್ಲಿ ಹತ್ತಾರು ಜನರದಾಯಿತು, ಬೇಡಿಕೆಯಾಯಿತು, ಮುಷ್ಕರವಾಯಿತು. ದೀಪಾ ಧನರಾಜ್ ಮತ್ತು ಯುಗಾಂತರ್ ಚಿತ್ರತಂಡ 1982ರಲ್ಲಿ ಈ ಮಹಿಳೆಯರ ಜೊತೆಗೂಡಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ತೆಗೆಯಿತು. ಛಾಯಾ ದಾತಾರ್ ಅವರು ಈ ಸಂಘಟನೆಯ ಅಧ್ಯಯನವನ್ನು 1989ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಬೀಡಿ ಕಟ್ಟುವವರ ಜಗಳಗಳು ಬಹುತೇಕ ಎಲೆ–ತಂಬಾಕು ಕೊಡುವಲ್ಲಿ, ಕಟ್ಟಿದ ಬೀಡಿಯನ್ನು ಸರಿಯಿಲ್ಲವೆಂದು ತಳ್ಳುವಲ್ಲಿ ಹುಟ್ಟುತ್ತವೆ. ಇಂಥ ವ್ಯಾಜ್ಯಗಳನ್ನು ಸರಳ ವಿಚಾರಣೆಯಿಂದ ತೀರ್ಮಾನಿಸುವ ಅಧಿಕಾರಿಗೆ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಅವಕಾಶ ಮಾಡಿತು.

ಚರ್ಮ: ‘ಕೊಲ್ಹಾಪುರಿ’ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿಗೆ ಅಥಣಿ ದೊಡ್ಡ ನೆಲೆ. ಮನೆಯೇ ಇಲ್ಲಿ ಕಾರ್ಖಾನೆ. ಚರ್ಮ ಕತ್ತರಿಸುವುದು ಸಾಮಾನ್ಯವಾಗಿ ಗಂಡಸರ ಕೆಲಸ, ಹೆಣಿಗೆ ಮತ್ತು ಅಲಂಕಾರ ಹೆಂಗಸರ ಕೆಲಸ. ಮಾರಾಟದ ಮಾತು ಮಾತ್ರ ಬಹುಕಾಲ ದಲ್ಲಾಳಿಗಳ ಬಾಯಲ್ಲೇ ಇತ್ತು. ಟೋಹೋಲ್ಡ್ ಹೆಸರಿನಡಿ ಸ್ವಸಹಾಯ ಸಂಘಗಳಾಗಿ ಕೂಡಿದ ಕುಶಲಕರ್ಮಿ ಮಹಿಳೆಯರು ವಿದೇಶಿ ಮಾರುಕಟ್ಟೆಯವರೆಗೂ ತಲುಪಿದರು. 2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಂದಿಗೆ ಬೆಳಗಾವಿ ಸೇರಿ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಪಾಲು ಸಿಕ್ಕಿತು.

ಸಕ್ಕರೆ: ಕಾಗವಾಡ ತಾಲೂಕಿನ ಉಗಾರ ಖುರ್ದದ ಸಕ್ಕರೆ ಕಾರ್ಖಾನೆ 1939ರದು. ಮುಂದೆ ಈ ಸೀಮೆಯಲ್ಲಿ ಸಹಕಾರಿ ಕಾರ್ಖಾನೆಗಳೂ ಎದ್ದವು. ರೈತ, ಕಬ್ಬು ಕಡಿಯುವ ಗ್ಯಾಂಗು, ಅದರ ಮೇಸ್ತ್ರಿಯಾದ ಮುಕಾದಮ, ಕಾರ್ಖಾನೆಯ ಸಿಬ್ಬಂದಿ ಇವರಿಗೆ ಕಟಾವಿನ ಪಾಳಿ ಸರಿಯಾಗಿ ತಿಳಿಯದಿದ್ದರೆ ಕಡಿದ ಕಬ್ಬು ಒಣಗುತ್ತದೆ, ತೂಕ ಇಳಿಯುತ್ತದೆ.

ಕಾನೂನು: 1946ರ ಸ್ಥಾಯಿ ಆದೇಶಗಳ ಕಾಯ್ದೆಯು ಕೆಲಸದ ನಿಯಮಗಳನ್ನು ಬಹುಪಾಲು ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಪ್ರಕಟಿಸಬೇಕೆಂದಿತು. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ, 100 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಮಾಲೀಕರು, ಕಾರ್ಮಿಕರು ಎರಡೂ ಪಕ್ಷಗಳು ಕೂತು ಮಾತಾಡುವ ಕಾಮಗಾರಿ ಸಮಿತಿ ರಚಿಸಲು ಸರ್ಕಾರ ಆದೇಶಿಸಬಹುದಿತ್ತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ, 10 ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ದೂರು ಸಮಿತಿಯನ್ನು ಕಡ್ಡಾಯಗೊಳಿಸಿತು.

ಮಹತ್ವ: ಸಂವಹನ ಕೌಶಲ ಕಚೇರಿಯ ನಯನಾಜೂಕಿಗೆ ಸೀಮಿತವಾದುದಲ್ಲ. ಕೂಲಿ, ತೂಕ, ಆರೋಗ್ಯ, ಮರ್ಯಾದೆ ನಾಲ್ಕೂ ಅದನ್ನೇ ಅವಲಂಬಿಸಿವೆ. ಮಾತಾಡುವವರಿಗೆ ಧೈರ್ಯ ಎಷ್ಟು ಬೇಕೋ ಕೇಳಿಸಿಕೊಳ್ಳುವವರಿಗೆ ಹೊಣೆಯೂ ಅಷ್ಟೇ ಇರಬೇಕೆಂಬುದನ್ನು ನಿಪ್ಪಾಣಿಯ ಕಾರ್ಮಿಕ ಮಹಿಳೆಯರ ಹೋರಾಟ ತೋರಿಸಿಕೊಟ್ಟಿದೆ.