ಮುಂದಿನ ಭಾಗಕ್ಕೆ ಕಾಯುವ ಓದು

ವಿಜಯಪುರದ ಹತ್ತಿರದ ಅರಕೇರಿಯನ್ನು ಹೊರಗಿನವರು ಗುರುತಿಸುವುದು ಅಮೋಘಸಿದ್ಧನಿಂದ. ಹಾಲುಮತದ ಈ ಸಿದ್ಧನ ಕಥೆಯನ್ನು ಡೊಳ್ಳಿನ ಪದದ ಮೇಳಗಳು ತಲೆಮಾರುಗಳಿಂದ ಹಾಡುತ್ತ ಬಂದಿವೆ. ಆ ಕಥೆ ಒಂದು ಹಾಡಿಗೆ ಮುಗಿಯುವಂಥದಲ್ಲ. ಬೀರಪ್ಪನದು, ಹುಲಜಂತಿಯ ಮಾಳಿಂಗರಾಯನದು, ಅಮೋಘಸಿದ್ಧನದು ಒಂದರೊಳಗೊಂದು ಹೆಣೆದುಕೊಂಡ ಕಥೆಗಳು. ಒಂದರಲ್ಲಿ ಕಂಡವರು ಇನ್ನೊಂದರಲ್ಲಿ ಮತ್ತೆ ಎದುರಾಗುತ್ತಾರೆ. ಕೇಳುವವರು ಪರಿಚಯದವರನ್ನೇ ಕಾಣಲೆಂದು ಮುಂದಿನ ಪದಕ್ಕೆ ಕೂತಿರುತ್ತಾರೆ. ಅಂದರೆ ಇಲ್ಲಿನ ಮಕ್ಕಳ ಕಿವಿಗೆ ಕಥಾಸರಣಿ ಹೊಸದಲ್ಲ. ಅದು ಕಣ್ಣಿಗೆ, ಓದಿಗೆ ಬರಬೇಕಾದಾಗ ಏನಾಯಿತು ಎಂಬುದು ಕನ್ನಡದ ಮಕ್ಕಳ ಪುಸ್ತಕಗಳ ಚರಿತ್ರೆಯಲ್ಲಿ ಕೇಳಲೇಬೇಕಾದ ಪ್ರಶ್ನೆ. ನನ್ನ ವಾದ ಇಷ್ಟು: ಓದುವ ಮಗುವಿಗೆ ಬೇಕಾದ ಎರಡು ಸಂಗತಿಗಳು, ಅದರ ಶಕ್ತಿಗೆ ತಕ್ಕ ಮೆಟ್ಟಿಲು ಮತ್ತು ಮುಂದಿನ ಭಾಗದ ಆಸೆ, ಕನ್ನಡದಲ್ಲಿ ಬೇರೆ ಬೇರೆ ದಾರಿಯಲ್ಲಿ ಬಂದವು. ಅವೆರಡೂ ಒಂದೇ ಪುಸ್ತಕದಲ್ಲಿ ಸೇರಿದ್ದು ಅಪರೂಪ.

ಮೆಟ್ಟಿಲನ್ನು ಕೊಟ್ಟದ್ದು ಸಾಲಿ. ಇಂದಿನ ವಿಜಯಪುರ ಸೀಮೆ ಬ್ರಿಟಿಷರ ಕಾಲದಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತ್ತು. 1885ರಲ್ಲಿ ಕೇಂದ್ರ ವಿಜಾಪುರಕ್ಕೆ ಬರುವವರೆಗೆ ಜಿಲ್ಲೆಗೆ ಕಲಾದಗಿ ಎಂದೇ ಹೆಸರು. ಧಾರವಾಡದಲ್ಲಿ ಡೆಪ್ಯುಟಿ ಚೆನ್ನಬಸಪ್ಪನವರಂಥವರು ಮರಾಠಿಯ ಒತ್ತಡದ ನಡುವೆ ಕನ್ನಡ ಸಾಲಿಗಳನ್ನು ಕಟ್ಟಿದರು. ಆ ಸಾಲಿಗಳಲ್ಲಿ ಓದು ಏರಿದ್ದು ಅಂಕಿಯ ಮೇಲೆ: ಒಂದನೆಯ ಪುಸ್ತಕ, ಎರಡನೆಯ ಪುಸ್ತಕ, ಮೂರನೆಯ ಪುಸ್ತಕ. ಕೊನೆಗೆ ಮುಲ್ಕಿ ಪರೀಕ್ಷೆ. ಇದು ಸಣ್ಣ ಕೆಲಸವಲ್ಲ. ಯಾವ ಇಯತ್ತೆಯ ಮಗು ಎಷ್ಟು ಉದ್ದದ ವಾಕ್ಯವನ್ನು, ಎಂಥ ಒತ್ತಕ್ಷರವನ್ನು ದಾಟಬಲ್ಲದು ಎಂದು ಅಳೆದು ನೋಡಿದ ಶ್ರಮ ಅದರಲ್ಲಿದೆ. ಆದರೆ ಆ ಪುಸ್ತಕಗಳ ಪಾಠಗಳು ಒಂದಕ್ಕೊಂದು ಸಂಬಂಧವಿಲ್ಲದ ತುಣುಕುಗಳು. ಒಂದು ನೀತಿಕಥೆ, ಒಂದು ಪದ್ಯ, ಒಬ್ಬ ಮಹಾಪುರುಷನ ಚರಿತ್ರೆ. ಎರಡನೆಯ ಪುಸ್ತಕದ ಹುಡುಗ ಮೂರನೆಯದರಲ್ಲಿ ಮತ್ತೆ ಸಿಗುವುದಿಲ್ಲ. ಅಂಕಿ ಏರುವುದು ಪರೀಕ್ಷೆಗಾಗಿ. ಪರೀಕ್ಷೆ ಮುಗಿದ ಮೇಲೆ ಆ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳಲು ಕಾರಣವೇ ಇರಲಿಲ್ಲ.

ಆಸೆಯನ್ನು ಕೊಟ್ಟದ್ದು ಪತ್ರಿಕೆ. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಶುರುವಾಗಿ ಬಹುಬೇಗ ಕನ್ನಡಕ್ಕೂ ಬಂದ ಚಂದಮಾಮದ ಬೇತಾಳ ಕಥೆಗಳನ್ನೇ ನೋಡಿ. ಪ್ರತಿ ತಿಂಗಳೂ ರಾಜ ವಿಕ್ರಮ ಮರದಿಂದ ಶವವನ್ನು ಇಳಿಸಿ ಹೆಗಲಿಗೇರಿಸುತ್ತಾನೆ, ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ, ರಾಜ ಮೌನ ಮುರಿಯುತ್ತಾನೆ, ಶವ ಮರಕ್ಕೆ ಮರಳುತ್ತದೆ. ಆರಂಭ ಮತ್ತು ಅಂತ್ಯದ ಮಾತುಗಳು ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅಕ್ಷರ ಕೂಡಿಸಿ ಓದುವ ಮಗುವಿಗೆ ಇದರ ಉಪಕಾರ ಎಷ್ಟೆಂದು ನಾವು ಸರಿಯಾಗಿ ಲೆಕ್ಕ ಹಾಕಿಲ್ಲ. ಮೊದಲ ಪ್ಯಾರಾ ಬಾಯಿಪಾಠವಾಗಿರುತ್ತದೆ, ಕೊನೆಯದೂ ಗೊತ್ತಿರುತ್ತದೆ. ಹೊಸದಾಗಿ ಹತ್ತಬೇಕಾದದ್ದು ನಡುವಿನ ಭಾಗ ಮಾತ್ರ. ಯಾವ ಪಠ್ಯಪುಸ್ತಕ ಸಮಿತಿಯೂ ಕೂತು ಯೋಜಿಸದ ಮೆಟ್ಟಿಲು ಅದು. ಆ ಕಥೆಗಳಿಗೆ ಶಂಕರ್ ಬರೆದ ಚಿತ್ರ ನೋಡಿದರೆ ಸಾಕು, ಪುಟ ತೆರೆಯುವ ಮೊದಲೇ ಮಗು ಕಥೆಯೊಳಗೆ ಇರುತ್ತಿತ್ತು. ಆಮೇಲೆ 1965ರಲ್ಲಿ ಹುಟ್ಟಿದ ಸುಧಾ ವಾರಪತ್ರಿಕೆ ಫ್ಯಾಂಟಮ್‌ನನ್ನು ಮನೆಮನೆಗೆ ತಂದಿತು. ಬಾಲಮಂಗಳದ ಡಿಂಗ ಇನ್ನೊಂದು ತಲೆಮಾರನ್ನು ಹಿಡಿದಿಟ್ಟ. ದೊಡ್ಡ ಹುಡುಗರ ಕೈಯಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇದ್ದ. ಅಮರ ಚಿತ್ರ ಕಥೆಯ ಬೇರು ಕೂಡ ಇಲ್ಲಿಯದೇ. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಪಶ್ಚಿಮದ ಜನಪ್ರಿಯ ಕಥೆಗಳ ಚಿತ್ರಪುಸ್ತಕಗಳನ್ನು ಮೊದಲು ಕನ್ನಡದಲ್ಲಿ ತಂದರು. ಮೊದಲ ಹತ್ತು ಸಂಖ್ಯೆಗಳು ಅವುಗಳಿಗೆ ಹೋದದ್ದರಿಂದಲೇ ಅನಂತ ಪೈ ಅವರ ಕೃಷ್ಣನ ಕಥೆಗೆ ಹನ್ನೊಂದನೆಯ ಸಂಖ್ಯೆ ಬಿತ್ತು. ರಕ್ಷಾಪುಟದ ಮೇಲೆ ಅಂಕಿ ಇರುವ ಕಥೆಪುಸ್ತಕ ಮಗುವನ್ನು ಕರೆಯುವ ರೀತಿಯೇ ಬೇರೆ: ನಿನ್ನ ಹತ್ತಿರ ಇಲ್ಲದ್ದು ಇನ್ನೂ ಇದೆ ಎಂದು ಅದು ನೆನಪಿಸುತ್ತಲೇ ಇರುತ್ತದೆ.

ಇಲ್ಲಿ ಹಿರಿಯರ ಆಕ್ಷೇಪ ಹಳೆಯದು. ಒಂದೇ ಅಚ್ಚಿನ ಕಥೆಗಳು ರುಚಿಯನ್ನು ಕೆಡಿಸುತ್ತವೆ, ಮಗು ಅಲ್ಲೇ ನಿಂತುಬಿಡುತ್ತದೆ ಎಂಬುದು. ಈ ಆಕ್ಷೇಪ ಕನ್ನಡಕ್ಕೆ ಮಾತ್ರ ಸೀಮಿತವಲ್ಲ. 1942ರಿಂದ 1963ರವರೆಗೆ ಫೇಮಸ್ ಫೈವ್‌ನ 21 ಪುಸ್ತಕ ಬರೆದ ಎನಿಡ್ ಬ್ಲೈಟನ್ನರನ್ನು ಬಿಬಿಸಿ ಬಹುಕಾಲ ದೂರವಿಟ್ಟಿತ್ತು. ಆಕ್ಷೇಪದಲ್ಲಿ ಸತ್ಯ ಇಲ್ಲದಿಲ್ಲ. ಸರಣಿಯ ಎಷ್ಟೋ ಪುಸ್ತಕಗಳು ಅವಸರದ ಬರಹ, ಕೆಲವಂತೂ ಮಕ್ಕಳಿಗೆ ಕೊಡಬಾರದಂಥವು. ಆದರೆ ಅಚ್ಚು ಕೆಟ್ಟದ್ದಿರಬಹುದು ಎಂಬುದರಿಂದ ಅಚ್ಚೇ ಬೇಡ ಎಂದಾಗುವುದಿಲ್ಲ. ವಿಜಯಪುರದಿಂದ ಗಡಿ ದಾಟಿ ಸೊಲ್ಲಾಪುರ ತಲುಪಿದರೆ ಅಲ್ಲಿನ ಮಕ್ಕಳಿಗೆ ಭಾ.ರಾ. ಭಾಗವತರ ಫಾಸ್ಟರ್ ಫೆಣೆ ಇದ್ದಾನೆ: ಪುಣೆ ಹತ್ತಿರದ ಫುರಸುಂಗಿಯಿಂದ ಬಂದ ಹಳ್ಳಿ ಹುಡುಗ, ಹತ್ತಾರು ಪುಸ್ತಕಗಳ ನಾಯಕ. ಬಂಗಾಳಿಯಲ್ಲಿ 1965ರಿಂದ ಸತ್ಯಜಿತ್ ರಾಯ್ ಫೆಲೂದಾನನ್ನು ಬರೆದರು. ಅದನ್ನು ಕಡಿಮೆ ದರ್ಜೆಯ ಬರಹವೆಂದು ಹೇಳುವ ಧೈರ್ಯ ಯಾರಿಗಿದೆ? ಒಳ್ಳೆಯ ಲೇಖಕ ಕೈ ಹಾಕಿದರೆ ಸರಣಿ ಒಳ್ಳೆಯ ಸಾಹಿತ್ಯವೇ. ನಮ್ಮಲ್ಲಿ ಒಳ್ಳೆಯ ಲೇಖಕರು ಅದಕ್ಕೆ ಕೈ ಹಾಕಿದ್ದೇ ಕಡಿಮೆ. ವಿಜಯಪುರ ಜಿಲ್ಲೆಯನ್ನೇ ತೆಗೆದುಕೊಂಡರೆ ಮಕ್ಕಳಿಗೆ ಬರೆದವರ ದಂಡೇ ಇದೆ: ಸಿಸು ಸಂಗಮೇಶ, 2018ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದ ಕಂಚ್ಯಾಣಿ ಶರಣಪ್ಪ, ಸಿಂದಗಿಯ ಹ.ಮ. ಪೂಜಾರ. ಈ ಪರಂಪರೆಯ ಮೊದಲ ಪ್ರೀತಿ ಶಿಶುಪದ್ಯ. ಪದ್ಯ ನಾಲಿಗೆಯ ಮೇಲೆ ನಿಲ್ಲುತ್ತದೆ, ಅದು ದೊಡ್ಡ ಸಂಪತ್ತು. ಆದರೆ ಅಲ್ಲಿಂದ ಇನ್ನೂರು ಪುಟದ ಕಾದಂಬರಿಗೆ ಹೋಗುವ ಹತ್ತು ವರ್ಷದ ಹುಡುಗಿಗೆ ನಡುವೆ ಹಿಡಿದುಕೊಳ್ಳಲು ಏನಾದರೂ ಬೇಕು.

ಈ ಶತಮಾನದಲ್ಲಿ ಮೆಟ್ಟಿಲು ಕಥೆಯ ಕಡೆಗೆ ಬಂತು. 2004ರಲ್ಲಿ ಶುರುವಾದ ಪ್ರಥಮ್ ಬುಕ್ಸ್ ಕನ್ನಡದಲ್ಲೂ ಕಥೆಗಳನ್ನು ನಾಲ್ಕು ಹಂತಗಳಲ್ಲಿ ಕೊಡುತ್ತದೆ. ಮೊದಲ ಹಂತದ ಕಥೆ 250 ಪದ ಮೀರುವುದಿಲ್ಲ, ನಾಲ್ಕನೆಯದು 1500 ಪದಕ್ಕೂ ಹೆಚ್ಚು. 2015ರಿಂದ ಸ್ಟೋರಿವೀವರ್ ತಾಣದಲ್ಲಿ ಅವು ಉಚಿತ. ಆದರೆ ಬಹುಪಾಲು ಬಿಡಿ ಕಥೆಗಳು. ಉದ್ದ ಕೂದಲಿನ ರೈತ ಶೃಂಗೇರಿ ಶ್ರೀನಿವಾಸ ಹಲವು ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವುದು ಒಳ್ಳೆಯ ಅಪವಾದ. ಒಂದರಲ್ಲಿ ಅವನ ಕೂದಲು ಕತ್ತರಿಸಲು ಯಾರಿಗೂ ಪುರುಸೊತ್ತಿಲ್ಲ, ಇನ್ನೊಂದರಲ್ಲಿ ಬೆಳೆದ ಬಾಳೆಹಣ್ಣು ಯಾರಿಗೂ ಬೇಡ. ಅವನನ್ನು ಒಮ್ಮೆ ಕಂಡ ಮಗು ಎರಡನೆಯ ಪುಸ್ತಕವನ್ನು ತಾನೇ ಎತ್ತಿಕೊಳ್ಳುತ್ತದೆ. ಹಂತ ಮತ್ತು ಸರಣಿ ಕೂಡಿದಾಗ ಆಗುವುದು ಇದೇ.

ಹಂತಗಳ ಬಗ್ಗೆಯೂ ಒಂದು ಆಕ್ಷೇಪವಿದೆ, ಅದು ನನಗೆ ಹೆಚ್ಚು ಗಂಭೀರವಾಗಿ ಕಾಣುತ್ತದೆ. ಪದ ಎಣಿಸಿ ಹಾಕಿದ ಅಂಕಿ ಮಗುವಿಗೆ ಬೇಲಿಯಾಗುತ್ತದೆ. ನೀನು ಎರಡನೆಯ ಹಂತದವನು, ಮೂರನೆಯದನ್ನು ಮುಟ್ಟಬೇಡ ಎನ್ನುವ ಮಾಸ್ತರರು ಇದ್ದೇ ಇರುತ್ತಾರೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಆ ಎಣಿಕೆಗೆ ಊರು ಗೊತ್ತಿಲ್ಲ. ಪುಸ್ತಕದ ಕನ್ನಡ ಅರಕೇರಿ, ತಿಕೋಟಾ, ಬಬಲೇಶ್ವರದ ಮನೆಗಳಲ್ಲಿ ಆಡುವ ಕನ್ನಡದಿಂದ ಸಾಕಷ್ಟು ದೂರವಿದೆ. ಮೈಸೂರು ಕಡೆಯ ಮಗುವಿಗೆ ಸಲೀಸಾದ ಮೊದಲ ಹಂತ ಇಲ್ಲಿನ ಮಗುವಿಗೆ ಎರಡನೆಯದರಷ್ಟು ಭಾರ ಅನ್ನಿಸಬಹುದು. ಆದ್ದರಿಂದ ಇಯತ್ತೆ ನೋಡಿ, ವಯಸ್ಸು ನೋಡಿ ಪುಸ್ತಕ ಕೊಡುವುದು ಸರಿಯಲ್ಲ. ಒಂದು ಪುಟ ಓದಿಸಿ, ಎಲ್ಲಿ ತಡೆಯುತ್ತದೆ ಎಂದು ಕೇಳಿ ಕೊಡಬೇಕು. ಅಂಕಿ ಇರಬೇಕಾದದ್ದು ಕೊಡುವವರ ಅನುಕೂಲಕ್ಕೆ. ಸ್ಟೋರಿವೀವರ್‌ನ ಪರವಾನಗಿ ಯಾರು ಬೇಕಾದರೂ ಕಥೆಯನ್ನು ಬದಲಿಸಿ ಬರೆಯಲು ಬಿಡುತ್ತದೆ. ಸಂಭಾಷಣೆಗಳನ್ನಾದರೂ ಇಲ್ಲಿನ ಮಾತಿಗೆ ತಿರುಗಿಸುವ ಕೆಲಸವನ್ನು ಈ ಸೀಮೆಯ ಶಿಕ್ಷಕರು ಇಂದೇ ಮಾಡಬಹುದು.

ಹಾಗಾದರೆ ಅರಕೇರಿಯಂಥ ಊರಿನ ಕಪಾಟಿನಲ್ಲಿ ಏನಿರಬೇಕು? ಅಕ್ಷರ ಕೂಡಿಸುವವರಿಗೆ ಶೃಂಗೇರಿ ಶ್ರೀನಿವಾಸನ ಪುಸ್ತಕಗಳನ್ನು ದೊಡ್ಡವರು ಜೊತೆಗೆ ಕೂತು ಓದಲಿ, ಎರಡನೆಯ ಬಾರಿ ಮಗುವೇ ಓದಲಿ. ವಾಕ್ಯ ಹಿಡಿತಕ್ಕೆ ಬಂದವರಿಗೆ ಅನುಪಮಾ ನಿರಂಜನರ ‘ದಿನಕ್ಕೊಂದು ಕಥೆ’ಯ 12 ಸಂಪುಟಗಳಿವೆ. ಅಲ್ಲಿ ನಾಯಕ ಬದಲಾಗುತ್ತಾನೆ ನಿಜ, ಆದರೆ ನಾಳೆಯ ಕಥೆಯ ನಿರೀಕ್ಷೆ ಬದಲಾಗುವುದಿಲ್ಲ. ವರ್ಷಪೂರ್ತಿ ಓದಿಸುವ ಯೋಜನೆಯನ್ನು ಒಬ್ಬ ಲೇಖಕಿ ಏಕಾಂಗಿಯಾಗಿ ಪೂರೈಸಿದ್ದನ್ನು ನಾವು ಇನ್ನೂ ಹೆಚ್ಚು ಕೊಂಡಾಡಬೇಕಿತ್ತು. ಜೊತೆಗೆ ಬೇತಾಳ ಕಥೆಗಳು ಇರಲಿ. ಹೈಸ್ಕೂಲು ಮುಟ್ಟಿದವರಿಗೆ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನರ ಅನುಭವಗಳಿಂದ ಕನ್ನಡಿಸಿದ ‘ಕಾಡಿನ ಕತೆಗಳು’ ನಾಲ್ಕು ಭಾಗ. ಒಂದು ಮುಗಿಸಿದವರು ಉಳಿದ ಮೂರನ್ನು ಕೇಳಿ ಪಡೆಯುತ್ತಾರೆ. ಕಟ್ಟುಕಥೆ ಅಲ್ಲವಾದರೂ ಅದಕ್ಕೆ ಕಥೆಯ ಎಲ್ಲ ವೇಗವೂ ಇದೆ.

ಕೊಳ್ಳುವವರಿಲ್ಲದೆ ಸರಣಿ ಬರೆಯುವುದು ಹೇಗೆ ಎಂದು ಪ್ರಕಾಶಕರು ಕೇಳುತ್ತಾರೆ. ಮೊದಲು ಆ ಮಾತಿಗೆ ಬೆಲೆ ಇತ್ತು. 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕ ಮೇಲೆ ಅದು ನಿಲ್ಲುವುದಿಲ್ಲ. ಗ್ರಂಥಾಲಯಕ್ಕೊಂದು ಪ್ರತಿ ಎಂದರೂ ಕನ್ನಡದ ಯಾವ ಮಕ್ಕಳ ಕಾದಂಬರಿಗೂ ಅದು ದೊಡ್ಡ ಮುದ್ರಣ. ಈಗ ಆಗುತ್ತಿರುವ ಖರೀದಿಯಲ್ಲಿ ಮೂರನೆಯ ಭಾಗ ಬಂದು ಮೊದಲನೆಯದು ಬಾರದೆ ಹೋಗುವ ಸಾಧ್ಯತೆಯನ್ನು ತಪ್ಪಿಸಿ, ಸರಣಿಗಳನ್ನು ಇಡಿಯಾಗಿ ಕೊಳ್ಳುವ ನಿಯಮ ಮಾಡಿದರೆ ಡೋಣಿ ಹೊಳೆಯ ದಂಡೆಯ ಒಬ್ಬ ಹುಡುಗಿಯನ್ನೋ ಮುಮ್ಮೆಟ್ಟಿಗುಡ್ಡದ ಕುರಿ ಕಾಯುವ ಹುಡುಗನನ್ನೋ ನಾಯಕರನ್ನಾಗಿಸಿ ಐದಾರು ಪುಸ್ತಕ ಬರೆಯಲು ಲೇಖಕರಿಗೆ, ಅಚ್ಚು ಹಾಕಲು ಪ್ರಕಾಶಕರಿಗೆ ಆಧಾರ ಸಿಗುತ್ತದೆ.