ಏಕಮುಖ ಪ್ರೇಮವೂ ಗೆಳೆತನವೂ: ಹದಿಹರೆಯದ ಕೆಲವು ಚಲಚ್ಚಿತ್ರಗಳ ವಿಚಾರ

ನಮ್ಮ ಆಲಂಕಾರಿಕರು ಶೃಂಗಾರವನ್ನು ಉಭಯನಿಷ್ಠವೆಂದು ಭಾವಿಸಿದರು. ಒಬ್ಬರಲ್ಲಿ ಮಾತ್ರವೇ ನೆಲೆಸಿದ ರತಿಯನ್ನು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ರಸಾಭಾಸದ ಪಂಕ್ತಿಯಲ್ಲಿ ಕೂರಿಸಿದನು. ಗುರುಪತ್ನಿಯ ವಿಷಯದ ರತಿಗೂ ಅಲ್ಲಿಯೇ ಎಡೆ. ಈ ಅಳತೆಗೋಲನ್ನು ಹಿಡಿದು ನೋಡಿದರೆ, ಯೂರೋಪಿನಲ್ಲಿ ಹುಟ್ಟಿ ಜಪಾನಿನವರೆಗೂ ಹಬ್ಬಿದ ಚಲಚ್ಚಿತ್ರಗಳ ಒಂದು ಶಾಖೆಯೆಲ್ಲವೂ ರಸಾಭಾಸವೇ ಆಗಬೇಕಾಗುತ್ತದೆ. ಹದಿಹರೆಯದ ಹುಡುಗಿಯು ಹೆಣ್ಣನ್ನೇ, ಹುಡುಗನು ಜೊತೆಯ ಹುಡುಗನನ್ನೇ ಪ್ರೀತಿಸಿ, ಆ ಪ್ರೀತಿಗೆ ಮಾರ್ದನಿ ದೊರೆಯದೆ ಹೋಗುವ ಕಥೆಗಳ ಶಾಖೆ ಅದು. ಇವುಗಳನ್ನು ಕಾಲಾನುಕ್ರಮದಲ್ಲಿ ನೋಡುತ್ತ ಬಂದಾಗ ನನಗೆ ತೋರಿದ್ದು ಇಷ್ಟು: ಪ್ರೇಮವು ಫಲಿಸಿತೇ ಎಂಬುದು ಇವುಗಳ ಮುಖ್ಯ ಪ್ರಶ್ನೆಯಲ್ಲ, ಫಲಿಸದ ಪ್ರೇಮವನ್ನು ಹೊತ್ತ ಎಳೆಯ ಜೀವವನ್ನು ಯಾರು ಹಿಡಿದುಕೊಂಡರು ಎಂಬುದೇ ಮುಖ್ಯ.

ಈ ಶಾಖೆಯ ಮೂಲವನ್ನು ಅರಸಿ ಹೋದರೆ ನಾವು 1931ರ ಬರ್ಲಿನ್ನಿಗೆ ಬರುತ್ತೇವೆ. ಆ ವರ್ಷದ ನವೆಂಬರಿನಲ್ಲಿ ತೆರೆ ಕಂಡ ‘ಮೇಟ್ಷೆನ್ ಇನ್ ಉನಿಫಾರ್ಮ್’, ಅಂದರೆ ‘ಸಮವಸ್ತ್ರದ ಹುಡುಗಿಯರು’, ಕ್ರಿಸ್ಟಾ ವಿನ್ಸ್ಲೋ ಎಂಬಾಕೆಯ ನಾಟಕವನ್ನು ಆಧರಿಸಿದ ವಾಕ್ಚಿತ್ರ. ನಾಟಕವು 1930ರಲ್ಲಿ ಲೈಪ್‌ಜಿಗ್‌ನಲ್ಲಿ ಮೊದಲು ರಂಗವೇರಿತು. ಬರ್ಲಿನ್ನಿನ ಪ್ರಯೋಗವನ್ನು ನಿರ್ದೇಶಿಸಿದ ಲಿಯೊಂಟೀನೆ ಸಾಗಾನಳೇ ಚಿತ್ರವನ್ನೂ ನಿರ್ದೇಶಿಸಿದಳು. ಕಾರ್ಲ್ ಫ್ರೋಲಿಕ್‌ನದು ಮೇಲ್ವಿಚಾರಣೆ. ಇಡೀ ಚಿತ್ರದಲ್ಲಿ ಒಂದು ಪುರುಷ ಪಾತ್ರವೂ ಇಲ್ಲ. ಬ್ಯಾಂಕಿನ ಕೆಲಸದಲ್ಲಿರುವ ನನ್ನ ಗಮನವನ್ನು ಮೊದಲು ಸೆಳೆದದ್ದು ಇದರ ಹಣಕಾಸಿನ ಏರ್ಪಾಟು ಎಂದರೆ ವಾಚಕರು ನಗಬಹುದು. ಇದು ಸಹಕಾರಿ ತತ್ತ್ವದ ಮೇಲೆ ತಯಾರಾದ ಚಿತ್ರ. ನಟಿಯರೂ ತಂತ್ರಜ್ಞರೂ ಸಂಬಳದ ಬದಲು ಪಾಲನ್ನು ಒಪ್ಪಿಕೊಂಡು ದುಡಿದರು. ಆರ್ಥಿಕ ಮುಗ್ಗಟ್ಟಿನ ಜರ್ಮನಿಯಲ್ಲಿ, ದೊಡ್ಡ ಬಂಡವಾಳದ ಹಂಗಿಲ್ಲದೆ ಇಂಥ ಕಥೆಯನ್ನು ಹೇಳಲು ಸಾಧ್ಯವಾದದ್ದು ಈ ಏರ್ಪಾಟಿನಿಂದಲೂ ಇರಬೇಕೆಂದು ನನ್ನ ಊಹೆ.

ಕಾನೂನಿನ ಸ್ಥಿತಿಯನ್ನೂ ಇಲ್ಲಿ ನೆನೆಯಬೇಕು. ಜರ್ಮನಿಯ ದಂಡಸಂಹಿತೆಯ 175ನೆಯ ಕಲಮು ಪುರುಷರ ಸಲಿಂಗ ಸಂಬಂಧವನ್ನು ಮಾತ್ರ ಅಪರಾಧವೆಂದು ಎಣಿಸಿತ್ತು, ಸ್ತ್ರೀಯರದನ್ನಲ್ಲ. 1929ರಲ್ಲಿ ಸಂಸತ್ತಿನ ಸಮಿತಿಯೊಂದು ಅದರ ರದ್ದತಿಯನ್ನು ಅನುಮೋದಿಸಿದರೂ ಅದು ಶಾಸನವಾಗಲಿಲ್ಲ. ಕಲಮು ಸಂಪೂರ್ಣವಾಗಿ ಅಳಿದದ್ದು 1994ರಲ್ಲಿ. ಹೀಗೆ ಹುಡುಗಿಯ ಕಥೆಗೆ ತೆರೆದಿದ್ದ ಕಿಂಡಿ ಹುಡುಗನ ಕಥೆಗೆ ಆಗ ತೆರೆದಿರಲಿಲ್ಲ.

ಕಥೆ ನಡೆಯುವುದು ಪೋಟ್ಸ್‌ಡಾಮ್‌ನಲ್ಲಿ, ಪ್ರಷ್ಯದ ಸೇನಾಧಿಕಾರಿಗಳ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ. ತಾಯಿಯಿಲ್ಲದ ತಬ್ಬಲಿ ಮನ್ಯುಯೆಲಾ ಅಲ್ಲಿಗೆ ಬರುತ್ತಾಳೆ. ಶಿಸ್ತು, ಅರೆಹೊಟ್ಟೆ, ಪಟ್ಟೆಪಟ್ಟೆಯ ಉಡುಪು, ಉಕ್ಕಿನಂಥ ಮುಖ್ಯೋಪಾಧ್ಯಾಯಿನಿ. ಇವುಗಳ ನಡುವೆ ಫಾನ್ ಬೆರ್ನ್‌ಬುರ್ಗ್ ಎಂಬ ಉಪಾಧ್ಯಾಯಿನಿಯೊಬ್ಬಳೇ ಮೃದು ಹೃದಯದವಳು. ಪ್ರತಿ ರಾತ್ರಿ ಮಕ್ಕಳ ಹಣೆಗೆ ಮುತ್ತಿಟ್ಟು ಮಲಗಿಸುವವಳು. ಮನ್ಯುಯೆಲಾಳ ಒಳಉಡುಪು ಹರಿದು ಚಿಂದಿಯಾದುದನ್ನು ಕಂಡು ತನ್ನದೊಂದನ್ನು ಆಕೆಗೆ ಕೊಡುತ್ತಾಳೆ. ಉಪಾಧ್ಯಾಯಿನಿಗೆ ಅದು ಕರುಣೆ. ಹುಡುಗಿಗೆ ಅದೇ ಸರ್ವಸ್ವ. ಶಾಲೆಯ ಉತ್ಸವದಲ್ಲಿ ಷಿಲ್ಲರನ ‘ಡಾನ್ ಕಾರ್ಲೋಸ್’ ನಾಟಕ. ಮಲತಾಯಿಯನ್ನು ಪ್ರೀತಿಸುವ ರಾಜಕುಮಾರನ ಪಾತ್ರ ಮನ್ಯುಯೆಲಾಳದೇ. ನಾಟಕ ಮುಗಿದ ಮೇಲೆ ಪಾನೀಯದ ಅಮಲಿನಲ್ಲಿ ತನ್ನ ಪ್ರೀತಿಯನ್ನು ಎಲ್ಲರೆದುರು ಸಾರಿಬಿಡುತ್ತಾಳೆ. ಮುಖ್ಯೋಪಾಧ್ಯಾಯಿನಿ ಅವಳನ್ನು ಪ್ರತ್ಯೇಕಿಸಿ, ಯಾರೂ ಅವಳೊಡನೆ ಮಾತನಾಡಕೂಡದೆಂದು ಕಟ್ಟಪ್ಪಣೆ ಮಾಡುತ್ತಾಳೆ. ಪಾತ್ರ ವಹಿಸಿದ ಹೆರ್ಥಾ ಥೀಲೆ ಮತ್ತು ಡೊರೊಥೇಯಾ ವೀಕ್ ಇಬ್ಬರೂ 1908ರಲ್ಲಿ ಹುಟ್ಟಿದವರು. ಶಿಷ್ಯೆಗೂ ಗುರುವಿಗೂ ನಡುವಣ ವಯಸ್ಸಿನ ಅಂತರವೆಲ್ಲ ಅಭಿನಯದಿಂದಲೇ ಮೂಡಿದ್ದು.

ಕೊನೆಯ ದೃಶ್ಯವು ಈ ಲೇಖನದ ತಿರುಳು. ಶಾಲೆಯ ನಡುವೆ ಆಳವಾದ ಮೆಟ್ಟಿಲಬಾವಿಯಂತೆ ಕೆಳಗಿಳಿಯುವ ಪಾವಟಿಗೆಗಳಿವೆ. ಮನ್ಯುಯೆಲಾ ತುತ್ತತುದಿಗೆ ಏರಿ ನಿಲ್ಲುತ್ತಾಳೆ. ನಾಟಕದಲ್ಲಿ ಅವಳು ಸಾಯುತ್ತಾಳೆ. ಚಿತ್ರದಲ್ಲಿ ಹಾಗಲ್ಲ: ಮಾತನಾಡಕೂಡದೆಂಬ ಆಜ್ಞೆಯನ್ನು ಮುರಿದು ಗೆಳತಿಯರೆಲ್ಲ ಅವಳ ಹೆಸರನ್ನು ಕೂಗುತ್ತ ಶಾಲೆಯನ್ನೆಲ್ಲ ಹುಡುಕಿ, ಓಡಿಬಂದು ಅವಳನ್ನು ಹಿಡಿದೆಳೆದುಕೊಳ್ಳುತ್ತಾರೆ. ಹಿಡಿದುಕೊಂಡವಳು ಅವಳು ಪ್ರೀತಿಸಿದ ಉಪಾಧ್ಯಾಯಿನಿಯಲ್ಲ, ಓರಗೆಯ ಗೆಳತಿಯರು ಎಂಬುದನ್ನು ಗಮನಿಸಬೇಕು. ಮುಖ್ಯೋಪಾಧ್ಯಾಯಿನಿ ನಿಶ್ಶಬ್ದವಾಗಿ ಓಣಿಯುದ್ದಕ್ಕೂ ಹಿಂದೆಗೆಯುವಾಗ ಹೊರಗಿನಿಂದ ಸೈನ್ಯದ ಕಹಳೆ ಕೇಳಿಬರುತ್ತದೆ. ಜೀಗ್‌ಫ್ರೀಡ್ ಕ್ರಾಕೌಎರ್ 1947ರ ತನ್ನ ಗ್ರಂಥದಲ್ಲಿ ಈ ಕಹಳೆಯ ಮೇಲೆಯೇ ಬೆರಳಿಟ್ಟು, ಅಧಿಕಾರದ ತತ್ತ್ವ ಇಲ್ಲಿ ಸೋಲಲಿಲ್ಲವೆಂದು ವಾದಿಸಿದನು. 1981ರಲ್ಲಿ ಬಿ. ರೂಬಿ ರಿಚ್ ಎಂಬ ಅಮೆರಿಕದ ವಿಮರ್ಶಕಿಯು, ಚಿತ್ರವನ್ನು ಬರಿಯ ಅಧಿಕಾರವಿರೋಧದ ರೂಪಕವಾಗಿ ಓದಿ ಅದರ ಪ್ರೇಮವನ್ನೇ ಮರೆಮಾಚಿದ್ದಾರೆಂದು ಹಿಂದಿನವರನ್ನು ಆಕ್ಷೇಪಿಸಿದಳು. ರಿಚ್‌ಳ ಆಕ್ಷೇಪ ನ್ಯಾಯವಾದುದು. ಆದರೆ ಇಬ್ಬರೂ ಆ ಗೆಳತಿಯರ ಗುಂಪಿಗೆ ಸಲ್ಲಬೇಕಾದಷ್ಟನ್ನು ಸಲ್ಲಿಸಲಿಲ್ಲವೆಂದು ನನ್ನ ಭಾವನೆ.

ಚಿತ್ರವನ್ನು ಮಾಡಿದವರ ಗತಿ ಬೇರೆ ಬೇರೆಯಾಯಿತು. ಸಾಗಾನ್ ಜರ್ಮನಿಯನ್ನು ಬಿಟ್ಟಳು. ಮುಂದೆ ದಕ್ಷಿಣ ಆಫ್ರಿಕದಲ್ಲಿ ರಂಗಭೂಮಿಯನ್ನು ಕಟ್ಟುವುದರಲ್ಲಿ ತೊಡಗಿ 1974ರಲ್ಲಿ ತೀರಿಕೊಂಡಳು. ಥೀಲೆ 1937ರಲ್ಲಿ ಸ್ವಿಟ್ಜರ್ಲೆಂಡಿಗೆ ವಲಸೆ ಹೋದಳು. ವಿನ್ಸ್ಲೋ 1944ರಲ್ಲಿ ಫ್ರಾನ್ಸಿನಲ್ಲಿ ಗುಂಡಿಗೆ ಬಲಿಯಾದಳು.

ಮುಂದಿನ ಮೂರು ದಶಕಗಳು ವಸತಿಶಾಲೆಯ ಗೋಡೆಯನ್ನು ದಾಟಲಿಲ್ಲ. ಡೊರೊತಿ ಬುಸ್ಸಿಯ ಕಾದಂಬರಿಯಿಂದ ಜಾಕ್ಲೀನ್ ಓಡ್ರಿ 1951ರಲ್ಲಿ ತೆಗೆದ ‘ಒಲಿವಿಯಾ’, 1958ರಲ್ಲಿ ರೋಮಿ ಷ್ನೈಡರ್ ನಟಿಸಿದ ಮನ್ಯುಯೆಲಾಳ ಮರುಚಿತ್ರ, ಇವೆಲ್ಲವೂ ಅದೇ ಆವರಣದವು. ಪೇರೆಫಿತನ 1943ರ ಕಾದಂಬರಿಯನ್ನು ಆಧರಿಸಿ ಜಾನ್ ದೆಲನ್ವಾ 1964ರಲ್ಲಿ ತೆಗೆದ ಫ್ರೆಂಚ್ ಚಿತ್ರದಲ್ಲಿ ಶಾಲೆ ಕ್ಯಾಥೊಲಿಕ್ ಪಾದ್ರಿಗಳದು. ಗೆಳೆಯನು ತನ್ನನ್ನು ತೊರೆದನೆಂದು ನಂಬಿದ ಕಿರಿಯ ಹುಡುಗ ಓಡುವ ರೈಲಿನಿಂದ ಹಾರುತ್ತಾನೆ. ಹಿಡಿಯುವವರು ಯಾರೂ ಇಲ್ಲ. ಮುಂಬಯಿ, ಪುಣೆಗಳ ವಾಚಕರಿಗೆ ಇದರ ಜೊತೆಯಲ್ಲಿ, ಚಿತ್ರವಲ್ಲದಿದ್ದರೂ, ವಿಜಯ ತೆಂಡೂಲ್ಕರರ 1981ರ ಮರಾಠಿ ನಾಟಕ ‘ಮಿತ್ರಾಚೀ ಗೋಷ್ಟ’ ನೆನಪಾಗದಿರದು. ಅಲ್ಲಿನ ಕಾಲೇಜು ಹುಡುಗಿ ಮಿತ್ರಾ ಮತ್ತೊಬ್ಬ ಹುಡುಗಿಯನ್ನು ಪ್ರೀತಿಸಿ ಸೋತು ಸಾಯುತ್ತಾಳೆ. ಕಥೆ ಹೇಳುವ ಗೆಳೆಯ ಬಾಪೂ ಅವಳಿಗೆ ಒತ್ತಾಸೆಯಾಗಿದ್ದನು, ಆದರೆ ಕೊನೆಯ ಹೊತ್ತಿನಲ್ಲಿ ಅಲ್ಲ.

ಗೋಡೆ ಬಿದ್ದ ಮೇಲೆ ಏನಾಯಿತು? ಜಪಾನಿನ ಹಾಶಿಗುಚಿ ರಿಯೋಸುಕೆಯು 1995ರಲ್ಲಿ ತೆಗೆದ ‘ನಾಗಿಸಾ ನೊ ಷಿಂದೊಬಾದ್ದೊ’ದಲ್ಲಿ ಸಾಮಾನ್ಯ ಪ್ರೌಢಶಾಲೆಯ ಇತೋ ತನ್ನ ಗೆಳೆಯ ಯೊಷಿದಾನನ್ನು ಪ್ರೀತಿಸುತ್ತಾನೆ, ಯೊಷಿದಾನ ಮನಸ್ಸು ಐಹರಾ ಎಂಬ ಹುಡುಗಿಯ ಮೇಲೆ. ಇತೋವಿಗೆ ಆಸರೆಯಾಗುವವಳು ಆ ಐಹರಾಳೇ. ತನಗಾದ ಗಾಯವನ್ನು ಬಲ್ಲವಳಾದ್ದರಿಂದ ಪರರ ಗಾಯವನ್ನೂ ಬಲ್ಲಳು. ಸೆಲೀನ್ ಸಿಯಾಮಾಳ ಮೊದಲ ಚಿತ್ರ, 2007ರ ‘ನೆಸಾಂಸ್ ದೆ ಪಿಯೋವ್ರ್’ದಲ್ಲಿ ಹಿರಿಯರ ಸುಳಿವೇ ಅಪರೂಪ. ಪ್ಯಾರಿಸ್ಸಿನ ಹೊರವಲಯದ ಸೆರ್ಜಿಯ ಈಜುಕೊಳದಲ್ಲಿ ಮಾರಿ, ತಂಡದ ನಾಯಕಿ ಫ್ಲೋರಿಯಾನಳನ್ನು ಪ್ರೀತಿಸಿ, ಅವಳಿಂದ ಬಳಸಲ್ಪಟ್ಟು, ಕಡೆಗೆ ತಾನು ಕಡೆಗಣಿಸಿದ್ದ ಹಳೆಯ ಗೆಳತಿ ಆನ್‌ಳೊಡನೆ ನೀರಿನ ಮೇಲೆ ತೇಲುತ್ತಾಳೆ. ದೂರಲು ಮುಖ್ಯೋಪಾಧ್ಯಾಯಿನಿಯೂ ಇಲ್ಲ, ಪಾದ್ರಿಯೂ ಇಲ್ಲ. ಒಲ್ಲೆನೆಂದವಳು ಓರಗೆಯ ಹುಡುಗಿಯೇ. ನನ್ನ ಮಟ್ಟಿಗೆ ಇದು 1931ರ ಚಿತ್ರಕ್ಕಿಂತಲೂ ಕಠೋರ.

ಕಾಲ ಮುಂದುವರಿದಂತೆ ಮರಣದ ನೆರಳು ತಾನಾಗಿ ಸರಿಯಿತೆಂದು ಹೇಳುವಂತಿಲ್ಲ. ವೆನಿಸ್ ಚಿತ್ರೋತ್ಸವದಲ್ಲಿ 2016ರ ಕ್ವಿಯರ್ ಲಯನ್ ಪ್ರಶಸ್ತಿ ಪಡೆದ ಐಸ್‌ಲೆಂಡಿನ ‘ಹ್ಯಾರ್ಟಾಸ್ಟೈನ್’ದಲ್ಲಿ ಮೀನುಗಾರರ ಹಳ್ಳಿಯೇ ವಸತಿಶಾಲೆಯಂತೆ ಸುತ್ತುವರಿದಿದೆ. ಒಬ್ಬರ ಗುಟ್ಟು ಊರಿಗೆಲ್ಲ ತಿಳಿಯುವಷ್ಟು ಚಿಕ್ಕ ಊರು. ಕ್ರಿಸ್ಟಿಯಾನನು ಥೋರ್‌ನನ್ನು ಪ್ರೀತಿಸಿ, ಹೇಳಲಾರದೆ, ತನ್ನ ಮೇಲೆಯೇ ಗುಂಡು ಹಾರಿಸಿಕೊಳ್ಳುತ್ತಾನೆ, ಬದುಕುತ್ತಾನೆ. ಥೋರ್ ಆ ಪ್ರೇಮಕ್ಕೆ ಪ್ರತಿಯಾಗಿ ಪ್ರೇಮವನ್ನು ಕೊಡಲಾರನು. ಆದರೂ ಗೆಳೆಯನನ್ನು ನೋಡಲು ಹೋಗುತ್ತಾನೆ.