ನಗಿಸಿದ ಬಾಯಿ, ಬರೆದ ಕೈ

ಕದರಮಂಡಲಗಿಯ ಕಾಂತೇಶನ ದರ್ಶನಕ್ಕೆ ಬಂದ ಹಿರಿಯರನ್ನು ಮಾತಿಗೆಳೆದರೆ, ಮಾತು ದೇವರಿಂದ ಜಾತ್ರೆಗೆ, ಜಾತ್ರೆಯಿಂದ ಕಂಪನಿ ನಾಟಕಕ್ಕೆ ಹೊರಳುವುದುಂಟು. ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಯ ಸೀಮೆಯವರಿಗೆ ನಾಟಕದ ಹುಚ್ಚು ಹೊಸದಲ್ಲ. ಯಾವ ನಟಿ ಹೇಗೆ ಹಾಡಿದಳು, ಹೇಗೆ ನಗಿಸಿದಳು ಎಂಬುದು ಅವರಿಗೆ ನೆನಪಿದೆ. ಆದರೆ ಆ ನಗೆಯ ಮಾತು ಯಾರದೆಂದು ಕೇಳಿದರೆ ಉತ್ತರ ದೊರೆಯದು.

ಮೊದಮೊದಲು ನಮ್ಮ ರಂಗದಲ್ಲಿ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲಿ ಮುಂದೆ ಸುಂದರಮ್ಮ, ಜಯಮ್ಮ ಮೊದಲಾದ ನಟಿಯರು ಬೆಳಗಿದರು. ಆದರೂ ನಟಿ ಆಡಿದ್ದು ಕಂಪನಿಯ ಕವಿ ಬರೆದುಕೊಟ್ಟ ಮಾತು. ಹಾಸ್ಯಪಾತ್ರದವರು ಊರಿಗೆ ತಕ್ಕಂತೆ ಮಾತು ಬೆಳೆಸುತ್ತಿದ್ದರು ನಿಜ. ಅದು ಪರದೆ ಬಿದ್ದೊಡನೆ ಗಾಳಿಗೆ ಹೋಯಿತು.

ಈ ಕಟ್ಟನ್ನು ರಂಗದ ಮೇಲೆಯೇ ಸಡಿಲಿಸಿದವರು ಆರ್. ನಾಗರತ್ನಮ್ಮ. 1958ರಲ್ಲಿ ಅವರು ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ಸ್ವತಃ ಅವರೇ ಕಂಸನಾಗಿ, ರಾವಣನಾಗಿ, ದುರ್ಯೋಧನನಾಗಿ ಗದ್ದರಿಸಿದರು. ಒಂದು ಕಾಲಕ್ಕೆ ಗಂಡು ಸೀರೆಯುಟ್ಟ ರಂಗದಲ್ಲಿ ಹೆಣ್ಣು ಮೀಸೆ ಹಚ್ಚಿಕೊಂಡದ್ದೇ ಒಂದು ದೊಡ್ಡ ವಿನೋದವಲ್ಲವೇ? 2012ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅದೇ ವರ್ಷ ಅವರು ತೀರಿಕೊಂಡರು.

ಇತ್ತ ಲೇಖನಿಯ ದಾರಿ ಬೇರೆಯಾಗಿತ್ತು. ರಾಶಿ ಎಂದು ಹೆಸರಾದ ಡಾಕ್ಟರ್ ಎಂ. ಶಿವರಾಂ 1942ರಲ್ಲಿ ‘ಕೊರವಂಜಿ’ಯನ್ನು ಹೊರಡಿಸಿದರು. ಆ ಪತ್ರಿಕೆಯಲ್ಲಿ ಬರೆದು ಬೆಳೆದವರಲ್ಲಿ ಟಿ. ಸುನಂದಮ್ಮನವರೂ ಒಬ್ಬರು. ಅಡಿಗೆಮನೆ, ನೆಂಟರಿಷ್ಟರು, ಗಂಡಹೆಂಡಿರ ಹುಸಿಮುನಿಸು, ಇವೇ ಅವರ ಸಾಮಗ್ರಿ. ಅಲ್ಲಿಯವರೆಗೆ ನಗೆಗೆ ಗುರಿಯಾಗಿದ್ದ ಗೃಹಿಣಿ, ಅವರ ಬರಹದಲ್ಲಿ ತಾನೇ ನಗಿಸುವವಳಾದಳು. ಕರ್ನಾಟಕ ಲೇಖಕಿಯರ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷೆ.

ಹೀಗೆ ನಮ್ಮಲ್ಲಿ ಬಣ್ಣ ಒಬ್ಬರದಾಯಿತು, ಬರಹ ಇನ್ನೊಬ್ಬರದಾಯಿತು. ಎರಡೂ ಒಬ್ಬಳಲ್ಲೇ ಕೂಡಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಕಾರ್ನೀಲಿಯಾ ಓಟಿಸ್ ಸ್ಕಿನ್ನರ್ (1899–1979) ಸಾಕ್ಷಿ. ಹೆಸರಾಂತ ನಟನ ಮಗಳಾದ ಆಕೆ ತಾನೇ ಬರೆದ ಏಕಪಾತ್ರಾಭಿನಯಗಳಲ್ಲಿ ಒಬ್ಬಳೇ ನಿಂತು ಹಲವರಾಗುತ್ತಿದ್ದಳು. ಎಂಟನೆಯ ಹೆನ್ರಿಯ ಆರು ರಾಣಿಯರೂ ಆಕೆಯೇ! ಹರೆಯದಲ್ಲಿ ಗೆಳತಿಯೊಡನೆ ಮಾಡಿದ ಯುರೋಪು ಪ್ರವಾಸದ ಪೇಚುಗಳನ್ನು ಅದೇ ಗೆಳತಿಯೊಡಗೂಡಿ 1942ರಲ್ಲಿ ಪುಸ್ತಕವಾಗಿಸಿದಳು. 1958ರಲ್ಲಿ ಸ್ಯಾಮ್ಯುಯೆಲ್ ಟೇಲರರೊಡನೆ ರಚಿಸಿದ ವಿನೋದ ನಾಟಕದಲ್ಲಿ ತಾನೂ ಅಭಿನಯಿಸಿದಳು. ಬರೆದಿಟ್ಟಳಾದ್ದರಿಂದ ಆಕೆಯ ನಗೆ, ಆಕೆಯ ಅಭಿನಯವನ್ನು ನೋಡದ ನಮ್ಮವರೆಗೂ ಬಂದಿದೆ.

ನಮ್ಮ ನಟಿಯರಿಗೆ ಚತುರೋಕ್ತಿ ಕಡಿಮೆಯಿರಲಿಲ್ಲ. ಕೈಗೆ ಕಾಗದ ಕೊಡುವವರಿರಲಿಲ್ಲ. ಇಂದಿಗೂ ನಮ್ಮ ಊರುಗಳಲ್ಲಿ ಬಣ್ಣ ಕಳಚಿ ಕೂತ ಮುದುಕಿಯರಿದ್ದಾರೆ. ಅವರ ಜಗಲಿಗೆ ಹೋಗಿ, ರಂಗದಲ್ಲಿ ತಾವೇ ಸೇರಿಸಿದ ಆ ಮಾತು ಯಾವುದೆಂದು ಕೇಳಿ ಬರೆದುಕೊಳ್ಳಲು ಒಂದು ಸಂಜೆ ಸಾಕು. ನಾವು ತಡಮಾಡಿದರೆ, ಅದೂ ಪರದೆಯ ಹಿಂದೆ ಹೋದೀತು.